ಉಸಿರಿನ ಕೋಟೆಯೂ ನೆಲ್ಲಿಯ ಕಾಯಿಯೂ

ಮನುಷ್ಯನು ನಿಮಿಷಕ್ಕೆ ಸುಮಾರು ಹದಿನೈದು ಬಾರಿ ಉಸಿರಾಡುತ್ತಾನೆ. ಈ ಲೆಕ್ಕದಂತೆ ಒಂದು ಹಗಲು ಮತ್ತು ಒಂದು ರಾತ್ರಿ ಕಳೆಯುವಷ್ಟರಲ್ಲಿ ಅವನ ಉಸಿರುಗಳ ಸಂಖ್ಯೆ 21,600 ಆಗುತ್ತದೆ. ನಮ್ಮ ಪ್ರಾಚೀನ ಯೋಗಶಾಸ್ತ್ರಕಾರರು ಹೇಳಿದ ಸಂಖ್ಯೆಯೂ ಇದೇ ಆಗಿದೆ. ಒಂದೊಂದು ಉಸಿರಿನಲ್ಲಿ ಅರ್ಧ ಲೀಟರಿನಷ್ಟು ಗಾಳಿ ಒಳಗೆ ಹೋಗುವುದರಿಂದ, ದಿನವೊಂದಕ್ಕೆ ಹತ್ತು ಸಾವಿರ ಲೀಟರುಗಳಿಗೂ ಹೆಚ್ಚು ಗಾಳಿ ನಮ್ಮ ಶ್ವಾಸಕೋಶಗಳನ್ನು ಹಾದುಹೋಗುತ್ತದೆ. ನಾವು ಕುಡಿಯುವ ನೀರು ದಿನಕ್ಕೆ ಎರಡು ಮೂರು ಲೀಟರು ಮಾತ್ರ. ಅದನ್ನು ಸೋಸುತ್ತೇವೆ, ಕಾಯಿಸಿ ಆರಿಸುತ್ತೇವೆ. ಗಾಳಿಯನ್ನಾದರೋ ಇದ್ದದ್ದು ಇದ್ದಂತೆಯೇ ಸೇವಿಸಬೇಕಾಗಿದೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾಗಡಿ ರಸ್ತೆ, ಮೈಸೂರು ರಸ್ತೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಾಹನಗಳ ಹೊಗೆಯೂ ಧೂಳೂ ತಪ್ಪುವುದಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಅಕ್ಕಪಕ್ಕದಲ್ಲೇ ವಸತಿಯ ಬೀದಿಗಳಿವೆ. 2021ರ ಆಗಸ್ಟ್ ತಿಂಗಳಿನಿಂದ ಮೆಟ್ರೋ ರೈಲು ಕೆಂಗೇರಿಯವರೆಗೂ ಓಡತೊಡಗಿದೆ. ಬೆಳಗಿನ ಹೊತ್ತು ವಿಜಯನಗರದ ನಿಲ್ದಾಣದಲ್ಲಿ ಹತ್ತಿದ ಪ್ರಯಾಣಿಕನು ಹಲವು ಜನರು ಬಿಟ್ಟ ಉಸಿರನ್ನು ಹಂಚಿಕೊಂಡೇ ಪ್ರಯಾಣ ಮಾಡುತ್ತಾನೆ. ಅವರಲ್ಲಿ ಒಬ್ಬನು ಬಾಯಿಗೆ ಬಟ್ಟೆ ಹಿಡಿಯದೆ ಕೆಮ್ಮಿದನೆಂದರೆ, ಕಣ್ಣಿಗೆ ಕಾಣದ ತುಂತುರು ಹನಿಗಳು ಸುತ್ತಲೂ ಹರಡುತ್ತವೆ. ಆ ಹನಿಗಳಲ್ಲಿ ವೈರಸ್‌ಗಳು ಇರಬಹುದು. ಇನ್‌ಫ್ಲುಯೆಂಜಾ ವೈರಸ್ಸಿನ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಶತ್ರುವನ್ನು ಯಾವ ಜರಡಿಯಿಂದ ಸೋಸೋಣ?

ಹಾಗಿದ್ದರೂ ನಾವು ದಿನದಿನವೂ ರೋಗಕ್ಕೆ ತುತ್ತಾಗುವುದಿಲ್ಲ. ಏಕೆಂದರೆ ಉಸಿರಿನ ದಾರಿಯುದ್ದಕ್ಕೂ ಒಂದು ಬಲವಾದ ಕೋಟೆ ಇದೆ. ಆ ಕೋಟೆಯ ರಚನೆಯನ್ನು ಮೊದಲು ತಿಳಿಯೋಣ.

ಮೂಗಿನಿಂದ ಒಳಗೆ ಹೋದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸನಾಳವು ಎರಡಾಗಿ ಕವಲೊಡೆದು, ಮತ್ತೆ ಮತ್ತೆ ಕವಲೊಡೆಯುತ್ತಾ, ಕೊನೆಗೆ ವಾಯುಕೋಶಗಳೆಂಬ ಅತಿ ಚಿಕ್ಕ ಚೀಲಗಳಲ್ಲಿ ಮುಗಿಯುತ್ತದೆ. ಇಂಥ ವಾಯುಕೋಶಗಳು ನಮ್ಮ ಎರಡು ಶ್ವಾಸಕೋಶಗಳಲ್ಲಿ 30 ರಿಂದ 50 ಕೋಟಿಯವರೆಗೆ ಇವೆ. ಇವುಗಳ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಸುಮಾರು 70 ಚದರ ಮೀಟರುಗಳಷ್ಟು ಸ್ಥಳ ಬೇಕು. ಬಸವೇಶ್ವರನಗರದಲ್ಲಿ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ನಿವೇಶನಗಳನ್ನು ನೀವು ಕಂಡಿರಬಹುದು. ಅಂಥ ಇಡೀ ನಿವೇಶನಕ್ಕಿಂತ ಹೆಚ್ಚು ವಿಸ್ತಾರವಾದ ಅಂಗಳವೊಂದು ನಮ್ಮ ಎದೆಗೂಡಿನೊಳಗೆ ಮಡಿಸಿಟ್ಟಂತೆ ಇದೆ! ಆ ಅಂಗಳಕ್ಕೂ ರಕ್ತಕ್ಕೂ ನಡುವೆ ಇರುವುದು ಕಾಗದಕ್ಕಿಂತಲೂ ತೆಳುವಾದ ಪೊರೆ. ಪೊರೆ ತೆಳುವಾಗಿರುವುದರಿಂದಲೇ ಆಮ್ಲಜನಕ ಸುಲಭವಾಗಿ ರಕ್ತವನ್ನು ಸೇರುತ್ತದೆ. ಅದೇ ಕಾರಣದಿಂದ ಅಪಾಯವೂ ಹೆಚ್ಚು.

ಈ ಕೋಟೆಯ ಮೊದಲನೆಯ ರಕ್ಷಣೆ ಲೋಳೆ. ಶ್ವಾಸನಾಳಗಳ ಒಳಮೈಗೆ ಅಂಟಿಕೊಂಡಿರುವ ಲೋಳೆಯಲ್ಲಿ ಧೂಳು, ಬ್ಯಾಕ್ಟೀರಿಯಾ, ವೈರಸ್‌ಗಳು ಸಿಕ್ಕಿಬೀಳುತ್ತವೆ. ಅಲ್ಲಿರುವ ಅಸಂಖ್ಯಾತ ಸೂಕ್ಷ್ಮ ರೋಮಗಳು, ಗಾಳಿಗೆ ಬಾಗುವ ರಾಗಿಯ ಪೈರಿನಂತೆ ಒಂದೇ ದಿಕ್ಕಿಗೆ ಬಾಗುತ್ತಾ ಏಳುತ್ತಾ, ಆ ಲೋಳೆಯನ್ನು ಗಂಟಲಿನ ಕಡೆಗೆ ದೂಡುತ್ತವೆ. ಎರಡನೆಯ ರಕ್ಷಣೆ ಒಳಮೈಯ ಜೀವಕೋಶಗಳಿಂದಾದ ಗೋಡೆ. ಮೂರನೆಯದು ಕಾವಲು ಪಡೆ. ವಾಯುಕೋಶಗಳಲ್ಲಿ ಸದಾ ಸಂಚರಿಸುತ್ತಾ, ಸಿಕ್ಕ ಕಸವನ್ನೂ ಸೂಕ್ಷ್ಮಜೀವಿಗಳನ್ನೂ ನುಂಗುವ ಭಕ್ಷಕ ಕೋಶಗಳು ಅಲ್ಲಿವೆ. ಇವು ಕೂಗು ಹಾಕಿದೊಡನೆ ರಕ್ತದಲ್ಲಿರುವ ಬಿಳಿಯ ಕಣಗಳು ಸಹಾಯಕ್ಕೆ ಧಾವಿಸುತ್ತವೆ. ವೈರಸ್ ಹೊಕ್ಕ ಜೀವಕೋಶವೂ ಸುಮ್ಮನಿರುವುದಿಲ್ಲ. ಅದು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸಿ, 'ಶತ್ರು ಬಂದಿದ್ದಾನೆ, ಎಚ್ಚರ!' ಎಂದು ನೆರೆಯ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಕೆಲವು ದಿನಗಳಲ್ಲಿ, ಆ ವೈರಸ್ಸನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳೂ ಸಿದ್ಧವಾಗುತ್ತವೆ.

ಕೋಟೆ ಎಷ್ಟೇ ಭದ್ರವಾಗಿರಲಿ, ಉಗ್ರಾಣ ಬರಿದಾದರೆ ಅದು ಉಳಿಯುವುದಿಲ್ಲ. ಶ್ವಾಸಕೋಶದ ಕೋಟೆಗೆ ದಿನವೂ ಬೇಕಾಗುವ ಸಾಮಗ್ರಿಗಳಲ್ಲಿ ಜೀವಸತ್ವ 'ಸಿ' ಒಂದು. ಇದರ ರಾಸಾಯನಿಕ ಹೆಸರು ಆಸ್ಕಾರ್ಬಿಕ್ ಆಮ್ಲ.

ಈ ವಸ್ತುವಿನ ಅವಶ್ಯಕತೆ ಮನುಷ್ಯನಿಗೆ ತಿಳಿದುಬಂದದ್ದು ಸಮುದ್ರದ ಮೇಲೆ. ತಿಂಗಳುಗಟ್ಟಲೆ ಒಣ ರೊಟ್ಟಿಯನ್ನೂ ಉಪ್ಪು ಹಾಕಿದ ಮಾಂಸವನ್ನೂ ತಿಂದು ಬದುಕುತ್ತಿದ್ದ ನಾವಿಕರಿಗೆ ಒಸಡುಗಳು ಬಾತು ರಕ್ತ ಸೋರುತ್ತಿತ್ತು, ಹಳೆಯ ಗಾಯಗಳು ಮತ್ತೆ ಬಾಯಿ ಬಿಡುತ್ತಿದ್ದವು, ಅನೇಕರು ಸಾಯುತ್ತಿದ್ದರು. ಇದೇ ಸ್ಕರ್ವಿ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ವೈದ್ಯನು 'ಸಾಲಿಸ್‌ಬರಿ' ಎಂಬ ಹಡಗಿನಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟನು. ಕಿತ್ತಳೆ ಮತ್ತು ನಿಂಬೆಗಳನ್ನು ತಿಂದ ಜೋಡಿ ಆರೇ ದಿನಗಳಲ್ಲಿ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆಲ್ಲ ನಿಂಬೆಯ ರಸವನ್ನು ಕೊಡಲು ಆರಂಭಿಸಿದ್ದು 1795ರಲ್ಲಿ. ಆ ಹಣ್ಣುಗಳಲ್ಲಿ ಅಡಗಿದ್ದ ವಸ್ತುವನ್ನು ಹಂಗೇರಿ ದೇಶದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಬೇರ್ಪಡಿಸಿದರು. ಕೆಂಪು ಮೆಣಸಿನ ಒಂದು ಜಾತಿಯಿಂದ ಅವರು ಅದನ್ನು ಹೇರಳವಾಗಿ ಪಡೆದರು. 1937ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ನಮ್ಮ ದೇಶದಲ್ಲಿಯೂ ಸ್ಕರ್ವಿ ಕಾಣಿಸಿಕೊಂಡದ್ದುಂಟು. 1939-40ರಲ್ಲಿ ಹಿಸ್ಸಾರ್ ಪ್ರದೇಶದಲ್ಲಿ ಭೀಕರ ಕ್ಷಾಮ ತಲೆದೋರಿ, ಹಸಿರು ಸೊಪ್ಪು, ಹಣ್ಣುಗಳು ಇಲ್ಲದೆ ಜನರು ಸ್ಕರ್ವಿಗೆ ತುತ್ತಾದಾಗ, ಅವರನ್ನು ಗುಣಪಡಿಸಲು ನೆಲ್ಲಿಕಾಯಿಯ ಪುಡಿಯನ್ನು ಬಳಸಲಾಯಿತು.

ಆಡು, ಹಸು, ನಾಯಿ, ಇಲಿಗಳಿಗೆ ಈ ತೊಂದರೆ ಇಲ್ಲ. ಅವು ಜೀವಸತ್ವ 'ಸಿ'ಯನ್ನು ತಮ್ಮ ಪಿತ್ತಜನಕಾಂಗದಲ್ಲಿ ಸಕ್ಕರೆಯಿಂದ ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಕೋತಿ, ಗಿನಿಯಿಲಿ ಮೊದಲಾದ ಕೆಲವು ಪ್ರಾಣಿಗಳಿಗೆ ಮಾತ್ರ ಆ ಶಕ್ತಿ ಇಲ್ಲ. ಅದಕ್ಕೆ ಬೇಕಾದ ಒಂದು ಕಿಣ್ವವನ್ನು ಅವು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿವೆ. ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿದವರಲ್ಲಿ ಕಲ್ಕತ್ತೆಯ ವಿಜ್ಞಾನಿ ಐ. ಬಿ. ಚಟರ್ಜಿಯವರು ಪ್ರಮುಖರು. ತಯಾರಿಸಲಾರದ ನಾವು ಇದನ್ನು ಹೆಚ್ಚಾಗಿ ಕೂಡಿಡಲೂ ಆರೆವು. ಇಡೀ ದೇಹದಲ್ಲಿ ಇರುವುದು ಸುಮಾರು ಒಂದೂವರೆ ಗ್ರಾಂ. ಪೂರೈಕೆ ಪೂರ್ತಿ ನಿಂತರೆ ಒಂದರಿಂದ ಮೂರು ತಿಂಗಳುಗಳಲ್ಲಿ ಕೊರತೆಯ ಚಿಹ್ನೆಗಳು ತಲೆದೋರುತ್ತವೆ.

ಇನ್ನು ಶ್ವಾಸಕೋಶದ ಕೋಟೆಯಲ್ಲಿ ಈ ಜೀವಸತ್ವ ಮಾಡುವ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗೋಡೆಯ ಕೆಲಸ. ನಮ್ಮ ಜೀವಕೋಶಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುವ ಗಾರೆ ಎಂದರೆ ಕೊಲಾಜೆನ್ ಎಂಬ ಪ್ರೋಟೀನು. ಜೀವಸತ್ವ 'ಸಿ' ಇಲ್ಲದೆ ಕೊಲಾಜೆನ್ನಿನ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳುವುದಿಲ್ಲ. ನಾವಿಕರ ಹಳೆಯ ಗಾಯಗಳು ಬಾಯಿ ಬಿಡಲು ಕಾರಣ ಇದೇ. ಶ್ವಾಸನಾಳಗಳ ಗೋಡೆಗಳೂ ರಕ್ತನಾಳಗಳೂ ಭದ್ರವಾಗಿರಲು ಕೊಲಾಜೆನ್ ಬೇಕೇ ಬೇಕು.

ಎರಡನೆಯದು, ಸುಡುವ ವಸ್ತುಗಳಿಂದ ರಕ್ಷಣೆ. ಹೊಗೆ, ಓಜೋನ್ ಮೊದಲಾದವು ಶ್ವಾಸಕೋಶವನ್ನು ಹೊಕ್ಕಾಗ ಅತಿ ಚುರುಕಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಹೆಚ್ಚಿಟ್ಟ ಸೇಬು ಗಾಳಿಗೆ ಕಂದಾಗುವುದನ್ನು ನೀವು ನೋಡಿದ್ದೀರಿ. ನಿಂಬೆಯ ರಸ ಸವರಿದರೆ ಅದು ಬೇಗ ಕಂದಾಗುವುದಿಲ್ಲ. ವಾಯುಕೋಶಗಳ ಒಳಮೈಯನ್ನು ತೇವಗೊಳಿಸುವ ದ್ರವದಲ್ಲಿಯೂ ಜೀವಸತ್ವ 'ಸಿ' ಇದೆ. ಅದು ಆ ಚುರುಕು ಕಣಗಳಿಗೆ ತಾನೇ ಆಹುತಿಯಾಗಿ ಜೀವಕೋಶಗಳನ್ನು ಕಾಪಾಡುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಬೇಗನೆ ವೆಚ್ಚವಾಗುತ್ತದೆ.

ಮೂರನೆಯದು ಕಾವಲು ಪಡೆಯ ಪೋಷಣೆ. ಬಿಳಿಯ ರಕ್ತಕಣಗಳು ತಮ್ಮೊಳಗೆ ಜೀವಸತ್ವ 'ಸಿ'ಯನ್ನು, ರಕ್ತದ ದ್ರವದಲ್ಲಿರುವುದಕ್ಕಿಂತ 50 ರಿಂದ 100 ಪಟ್ಟು ಸಾಂದ್ರವಾಗಿ ತುಂಬಿಕೊಳ್ಳುತ್ತವೆ. ಯುದ್ಧಕ್ಕೆ ಹೊರಡುವ ಯೋಧನು ಬುತ್ತಿ ಕಟ್ಟಿಕೊಳ್ಳುವಂತೆ ಇದು. ಸೋಂಕಿನ ಸ್ಥಳಕ್ಕೆ ಸಾಗುವುದಕ್ಕೆ, ಸೂಕ್ಷ್ಮಜೀವಿಗಳನ್ನು ನುಂಗುವುದಕ್ಕೆ, ನುಂಗಿದ್ದನ್ನು ನಾಶಮಾಡಲು ತಾವೇ ಹುಟ್ಟಿಸಿದ ತೀಕ್ಷ್ಣ ವಸ್ತುಗಳಿಂದ ತಮ್ಮನ್ನು ಉಳಿಸಿಕೊಳ್ಳುವುದಕ್ಕೆ ಅವಕ್ಕೆ ಈ ಬುತ್ತಿ ಬೇಕು. ಹೋರಾಟ ಮುಗಿದ ಮೇಲೆ ದಣಿದ ಕಣಗಳು ಅಲ್ಲಿಯೇ ಒಡೆದು ಶ್ವಾಸಕೋಶಕ್ಕೆ ಹಾನಿಮಾಡದೆ, ಕ್ರಮವಾಗಿ ತೆರವಾಗುವುದಕ್ಕೂ ಇದು ನೆರವಾಗುತ್ತದೆ. ಸ್ಕಾಟ್ಲೆಂಡಿನ ಹ್ಯೂಮ್ ಮತ್ತು ವೇಯರ್ಸ್ ಎಂಬ ಸಂಶೋಧಕರು 1973ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ನೆಗಡಿ ಬಂದ ಮೊದಲ ದಿನವೇ ಬಿಳಿಯ ಕಣಗಳಲ್ಲಿರುವ ಜೀವಸತ್ವ 'ಸಿ' ಸರಿಸುಮಾರು ಅರ್ಧಕ್ಕೆ ಇಳಿಯುವುದನ್ನು ಅವರು ಕಂಡಿದ್ದರು. ಸಾಧಾರಣ ನೆಗಡಿಯೂ ಉಗ್ರಾಣವನ್ನು ಎಷ್ಟು ಬೇಗ ಬರಿದುಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದು ಎಚ್ಚರಿಕೆಯ ಕೂಗು. ಮನುಷ್ಯನಂತೆ ಜೀವಸತ್ವ 'ಸಿ'ಯನ್ನು ತಯಾರಿಸಲಾರದ ಒಂದು ತಳಿಯ ಇಲಿಗಳ ಮೇಲೆ ಕೊರಿಯಾದ ವಿಜ್ಞಾನಿಗಳು ಪ್ರಯೋಗ ನಡೆಸಿ 2013ರಲ್ಲಿ ಅದನ್ನು ಪ್ರಕಟಿಸಿದರು. ಜೀವಸತ್ವದ ಕೊರತೆಯಿದ್ದ ಇಲಿಗಳಿಗೆ ಇನ್‌ಫ್ಲುಯೆಂಜಾ ತಗುಲಿದಾಗ ಇಂಟರ್‌ಫೆರಾನ್ ಕಡಿಮೆ ಹುಟ್ಟಿತು. ಅವುಗಳ ಶ್ವಾಸಕೋಶಗಳಲ್ಲಿ ವೈರಸ್‌ಗಳು ಹೆಚ್ಚು ಬೆಳೆದವು. ಇಲಿಗಳಲ್ಲಿ ಕಂಡದ್ದೆಲ್ಲವೂ ಮನುಷ್ಯನಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳುವಂತಿಲ್ಲ. ಆದರೆ ಬರಿದಾದ ಉಗ್ರಾಣ ಕೋಟೆಯನ್ನು ಹೇಗೆ ದುರ್ಬಲಗೊಳಿಸಬಲ್ಲದೆಂಬುದನ್ನು ಈ ಪ್ರಯೋಗ ಸೂಚಿಸುತ್ತದೆ.

ಇಷ್ಟನ್ನು ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ: 'ಹಾಗಾದರೆ ಇದನ್ನು ಹೇರಳವಾಗಿ ಸೇವಿಸಿದರೆ ಯಾವ ವೈರಸ್ಸೂ ನಮ್ಮನ್ನು ಮುಟ್ಟಲಾರದಲ್ಲವೆ?'

ಎರಡು ಬಾರಿ ನೊಬೆಲ್ ಪ್ರಶಸ್ತಿ ಪಡೆದ ಲೈನಸ್ ಪೌಲಿಂಗರಂಥ ಮಹಾವಿಜ್ಞಾನಿಯೇ ಹೀಗೆ ನಂಬಿದ್ದರು. ದಿನವೂ ಗ್ರಾಂಗಟ್ಟಲೆ ಜೀವಸತ್ವ 'ಸಿ'ಯನ್ನು ಸೇವಿಸಿದರೆ ನೆಗಡಿಯನ್ನು ದೂರವಿಡಬಹುದೆಂದು 1970ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ಆದರೆ ವಿಜ್ಞಾನದಲ್ಲಿ ಹೇಳಿದವರ ಹಿರಿಮೆಗಿಂತ ಪರೀಕ್ಷೆಯ ತೀರ್ಪು ದೊಡ್ಡದು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 29 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2013ರಲ್ಲಿ ತೂಗಿ ನೋಡಲಾಯಿತು. ದಿನವೂ ಹೆಚ್ಚಿನ ಜೀವಸತ್ವ 'ಸಿ'ಯನ್ನು ಸೇವಿಸಿದ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ನೂರಕ್ಕೆ 8ರಷ್ಟು, ಮಕ್ಕಳಲ್ಲಿ ನೂರಕ್ಕೆ 14ರಷ್ಟು ಕಡಿಮೆಯಾಯಿತು. ದೂರದ ಓಟಗಾರರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರು ಮೊದಲಾದ, ದೇಹವನ್ನು ಅತಿಯಾಗಿ ದಂಡಿಸುವವರಲ್ಲಿ ನೆಗಡಿಯ ಸಂಭವ ಅರ್ಧಕ್ಕೆ ಇಳಿಯಿತು. ನೆಗಡಿ ಆರಂಭವಾದ ಅನಂತರ ಮಾತ್ರೆ ನುಂಗಿದವರಿಗೆ ಖಚಿತವಾದ ಪ್ರಯೋಜನ ಕಾಣಲಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಕೋವಿಡ್ ಕಾಲಿಟ್ಟಾಗ ಈ ಪ್ರಶ್ನೆ ಮತ್ತೆ ಎದ್ದಿತು. ಔಷಧದ ಅಂಗಡಿಗಳಲ್ಲಿ ಜನರು ಜೀವಸತ್ವ 'ಸಿ'ಯ ಮಾತ್ರೆಗಳಿಗಾಗಿ ಮುಗಿಬಿದ್ದರು. ಮನೆಯಲ್ಲಿಯೇ ಪ್ರತ್ಯೇಕವಾಗಿದ್ದ ರೋಗಿಗಳಿಗೆ ಕೊಡುತ್ತಿದ್ದ ಔಷಧದ ಪೊಟ್ಟಣಗಳಲ್ಲಿಯೂ ಅವು ಇದ್ದವು. 2021ರಲ್ಲಿ ಅಮೆರಿಕದಿಂದ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದ ಕೋವಿಡ್ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟರೂ ರೋಗಲಕ್ಷಣಗಳು ಗಮನಾರ್ಹವಾಗಿ ಬೇಗ ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿದ ರೋಗಿಗಳಿಗೆ ನರದ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನಡೆಸಿದ ಪರೀಕ್ಷೆಗಳೂ ಪ್ರಯೋಜನವನ್ನು ತೋರಿಸಲಿಲ್ಲವೆಂದು 2023ರಲ್ಲಿ ತಿಳಿದುಬಂದಿತು.

ಇವೆರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಕೋಟೆಯ ಉಪಮೆಯನ್ನು ನೆನೆದರೆ ಗೊಂದಲ ತೀರುತ್ತದೆ. ಜೀವಸತ್ವ 'ಸಿ' ಯೋಧನಲ್ಲ, ಆಯುಧವೂ ಅಲ್ಲ; ಅದು ಯೋಧನ ಬುತ್ತಿ. ಹಸಿದ ಯೋಧನು ಹೋರಾಡಲಾರ. ಹಾಗೆಂದು ಹೊಟ್ಟೆ ತುಂಬಿದವನಿಗೆ ಹತ್ತು ಬುತ್ತಿಗಳನ್ನು ಉಣಿಸಿದರೆ ಅವನು ಹತ್ತು ಪಟ್ಟು ಶೂರನಾಗುವುದಿಲ್ಲ. ದಿನಕ್ಕೆ ಸುಮಾರು 200 ಮಿಲಿಗ್ರಾಂ ಸೇವಿಸುವಷ್ಟರಲ್ಲಿಯೇ ರಕ್ತವು ತಾನು ಹಿಡಿಯಬಲ್ಲಷ್ಟನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಮಿಕ್ಕದ್ದು ಮೂತ್ರದೊಂದಿಗೆ ಹೊರಟುಹೋಗುತ್ತದೆ. ಮಿತಿಮೀರಿದರೆ ಹೊಟ್ಟೆ ಕೆಟ್ಟು ಭೇದಿಯಾಗಬಹುದು. ಕೆಲವರಲ್ಲಿ ಮೂತ್ರಪಿಂಡದಲ್ಲಿ ಕಲ್ಲುಗಳುಂಟಾಗುವ ಸಂಭವ ಹೆಚ್ಚುತ್ತದೆ.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಮಾಡಿದ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ, ಮಹಿಳೆಯರಿಗೆ 65 ಮಿಲಿಗ್ರಾಂ. ನಿಮ್ಮ ವಯಸ್ಸಿನವರಿಗೆ ಬೇಕಾದುದೂ ಇದಕ್ಕೆ ಸಮೀಪವೇ. ಇದನ್ನು ಪಡೆಯಲು ಔಷಧದ ಅಂಗಡಿಗೆ ಹೋಗಬೇಕಾಗಿಲ್ಲ. ತರಕಾರಿಯ ಅಂಗಡಿ ಸಾಕು. ನೂರು ಗ್ರಾಂ ಬೆಟ್ಟದ ನೆಲ್ಲಿಕಾಯಿಯಲ್ಲಿ, ಅದರ ಜಾತಿ ಮತ್ತು ಹದಗಳಿಗನುಸಾರವಾಗಿ, 200 ರಿಂದ 600 ಮಿಲಿಗ್ರಾಂವರೆಗೆ ಜೀವಸತ್ವ 'ಸಿ' ಇರುತ್ತದೆ. ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು, ನುಗ್ಗೆಸೊಪ್ಪಿನಲ್ಲಿ 100 ಮಿಲಿಗ್ರಾಂಗೂ ಹೆಚ್ಚು ಇದೆ. ಬಹಳ ಹೆಸರುಪಡೆದ ನಿಂಬೆ, ಕಿತ್ತಳೆಗಳಲ್ಲಿ ಇರುವುದು 30 ರಿಂದ 50 ಮಿಲಿಗ್ರಾಂ ಅಷ್ಟೆ. ದೇವನಹಳ್ಳಿಯ ಚಕ್ಕೋತ, ಪರಂಗಿ, ಮೊಳಕೆ ಬಂದ ಹೆಸರುಕಾಳು, ಇವೂ ಒಳ್ಳೆಯ ಮೂಲಗಳೇ. ಒಂದು ನೆಲ್ಲಿಕಾಯಿ ಅಥವಾ ಅರ್ಧ ಸೀಬೆಹಣ್ಣು ಒಬ್ಬನ ದಿನದ ಅಗತ್ಯದ ಬಹುಭಾಗವನ್ನು ಪೂರೈಸಬಲ್ಲದು.

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ನಮ್ಮಲ್ಲಿ ತುಳಸಿಯ ಗಿಡದೊಡನೆ ಕಾಯಿಬಿಟ್ಟ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವ ಸಂಪ್ರದಾಯವಿದೆ. ನೆಲ್ಲಿಕಾಯಿಯ ಮೇಲೆ ಬತ್ತಿಯಿಟ್ಟು ಆರತಿ ಬೆಳಗುವವರೂ ಇದ್ದಾರೆ. ಬೆಂಗಳೂರಿನಲ್ಲಿ ಚಳಿ ಬೀಳುವ ಕಾಲವೂ ಅದೇ, ನೆಲ್ಲಿ ಮಾರುಕಟ್ಟೆಗೆ ಬರುವ ಕಾಲವೂ ಅದೇ. ಹಬ್ಬ ಮುಗಿದ ಮೇಲೆ ಆ ಕಾಯಿಗಳನ್ನು ಬಿಸಾಡದೆ ಊಟದ ಎಲೆಗೆ ತಂದರೆ ಪೂಜೆ ಇನ್ನಷ್ಟು ಸಾರ್ಥಕವಾಗುತ್ತದೆ.

ಅಡಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಜೀವಸತ್ವ 'ಸಿ' ನೀರಿನಲ್ಲಿ ಕರಗುತ್ತದೆ. ಶಾಖಕ್ಕೂ ಗಾಳಿಗೂ ಕೆಡುತ್ತದೆ. ಸೊಪ್ಪನ್ನು ತೊಳೆದ ಬಳಿಕ ಹೆಚ್ಚಬೇಕು. ಹೆಚ್ಚಿದ ಬಳಿಕ ತೊಳೆಯಬಾರದು. ಬೇಯಿಸಿದ ನೀರನ್ನು ಚೆಲ್ಲಬಾರದು. ಚಿತ್ರಾನ್ನಕ್ಕೆ ನಿಂಬೆಯ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುವ ನಮ್ಮ ತಾಯಂದಿರ ರೂಢಿ ರುಚಿಗೂ ಒಳ್ಳೆಯದು, ಆರೋಗ್ಯಕ್ಕೂ ಒಳ್ಳೆಯದು.

ಬುತ್ತಿಯೊಂದರಿಂದಲೇ ಕೋಟೆ ಉಳಿಯುವುದಿಲ್ಲವೆಂಬುದನ್ನು ಮರೆಯಬಾರದು. ವೈರಸ್ಸನ್ನು ಗುರುತಿಸುವ ಪಾಠವನ್ನು ಕಾವಲು ಪಡೆಗೆ ಮೊದಲೇ ಕಲಿಸುವುದು ಲಸಿಕೆ. ನೆಲ್ಲಿಕಾಯಿ ಆ ಕೆಲಸವನ್ನು ಮಾಡಲಾರದು. ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿಯುವುದು, ಕೈತೊಳೆಯುವುದು, ಮನೆಯ ಕಿಟಕಿಗಳನ್ನು ತೆರೆದಿಡುವುದು, ಹೊಗೆಬತ್ತಿಯಿಂದ ದೂರವಿರುವುದು, ಇವೆಲ್ಲ ಕೋಟೆಯ ಹೊರಗಿನ ಕಂದಕಗಳು. ಜ್ವರ ಇಳಿಯದಿದ್ದರೆ, ಉಸಿರು ಏದತೊಡಗಿದರೆ, ಎದೆನೋವು ಕಾಣಿಸಿದರೆ ನಿಂಬೆಯ ಪಾನಕವನ್ನು ಕುಡಿಯುತ್ತಾ ಕಾಯುವುದು ಅವಿವೇಕ. ಅಂಥ ಸಮಯದಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ತಡಮಾಡದೆ ವೈದ್ಯರನ್ನು ಕಾಣಬೇಕು.

ಸಂಶಯದಿಂದ ಎಲ್ಲವನ್ನೂ ತಳ್ಳಿಹಾಕುವವನೂ, ಕುರುಡಾಗಿ ಎಲ್ಲವನ್ನೂ ನಂಬುವವನೂ ಸಮಾನವಾಗಿ ನಷ್ಟಪಡುತ್ತಾರೆ. ಒಂದು ವಸ್ತು ಏನು ಮಾಡಬಲ್ಲದು, ಏನು ಮಾಡಲಾರದು ಎಂಬೆರಡನ್ನೂ ಅರಿತು ಬಳಸುವುದೇ ವಿಜ್ಞಾನ ನಮಗೆ ಕಲಿಸುವ ವಿವೇಕ. ಶ್ವಾಸಕೋಶದ ಕಾವಲುಗಾರರು ನಮಗಾಗಿ ಹಗಲಿರುಳೂ ಎಚ್ಚರವಾಗಿದ್ದಾರೆ. ಅವರು ಕೇಳುವುದು ಸಂಕಟ ಬಂದ ದಿನ ಹಿಡಿಗಟ್ಟಲೆ ಮಾತ್ರೆಗಳನ್ನಲ್ಲ. ದಿನವೂ ಒಂದಿಷ್ಟು ಹಣ್ಣು, ಒಂದಿಷ್ಟು ಹಸಿರು ಸೊಪ್ಪು, ಮತ್ತು ಆದಷ್ಟು ಶುದ್ಧವಾದ ಗಾಳಿ.